ಅರ್ಧಾ ಬರತೈತಿ

ಮೊದಲ ಹೇಳಿಬಿಡ್ತೀನಿ,
ಆ ಕ್ಯಾಸೆಟ್ಟಿನ್ಯಾಗ ನನ್ನ ದನಿ ಇಲ್ಲ.
ಹುಡುಕಬ್ಯಾಡ್ರಿ.
ಎಂಟು ಹಾಡು, ಆರು ಮಂದಿ ಹೆಣಮಕ್ಕಳು,
ಎಲ್ಲಾರ ಎದುರೂ ಒಬ್ಬನ ಗಂಡಸು,
ದ್ಯಾಮಣ್ಣ ಸೊರಟೂರ,
ಜಕಾರ್ಡಿನ ಪಟ್ಟಿಗೆ ತೂತು ಹೊಡಿಯಾಂವ.

ಬೆಟಗೇರ್ಯಾಗ ಹಗಲೊತ್ತು ಹಾಡು ತುಂಬೂದು ಆಗದ ಮಾತು.
ಓಣಿ ತುಂಬ ಮಗ್ಗ.
ಗ್ವಾಡಿಗೆ ಕಿವಿ ಹಚ್ಚಿದ್ರ ಗ್ವಾಡಿನೂ ನೇಯ್ತಿತ್ತು.
ಕರೆಂಟ್ ಹೋದ್ರ ಮಗ್ಗ ಸುಮ್ಮನಾಗ್ತಿದ್ವು, ಖರೆ,
ಆದ್ರ ತುಂಬೋ ಮಷೀನೂ ಸುಮ್ಮನ!
ಅದಕ್ಕ ಖಾದರಸಾಬನ ಲಾರಿ ಬ್ಯಾಟರಿ ಬಿಚ್ಚಿಸಿ
ಹೆಗಲ ಮ್ಯಾಲ ಹೊತ್ತು ಮಾಳಿಗಿ ಏರಿಸಿದ.
ಊರೆಲ್ಲ ಬೈಯೋ ಲೋಡ್‌ಶೆಡ್ಡಿಂಗು
ನಮಗ ಮುಹೂರ್ತ.

ಗ್ವಾಡಿಗೆ ಕೌದಿ ಬಡದಿದ್ವಿ,
ನಮ್ಮವ್ವ ಹೊಲದದ್ದೂ ಅದರಾಗ ಒಂದು.
ಇನ್ನೂ ನಾಕು ಮೊಳಿತೂತು ಅದಾವ ಅದಕ್ಕ.

ನಾನು ಕೆಳಗ ಕಂಡಿಕಿ ಸುತ್ತಾಕಿ.
ನೂಲಿನ ಧೂಳು ಆವಾಗ್ಲೇ ಎದಿಯಾಗ ಗೂಡು ಕಟ್ಟಿತ್ತು.
ಹಾಡಾಕಿಯರು ಬರೂದು ದೂರದಿಂದ,
ಬಸ್ಸಿನ ರೊಕ್ಕ ಆಗಬೇಕು, ಮನ್ಯಾಗ ಹೂಂ ಅನಬೇಕು.
ಅಲ್ಲೀಮಟ ಹಾಡು ಕಟ್ಟಾಕ ಜೋಡಿ ಬೇಕಲ್ಲ?
"ಯಮನವ್ವಾ, ಬಾ ಇಲ್ಲೆ, ಹೆಣ್ಣಿನ ಸೊಲ್ಲು ನೀ ಅನ್ನು" ಅಂದ.
ಪಟ್ಟಿ ಹಿಂದ ಬರದಿದ್ದ.
ತೂತು ಬಿದ್ದಲ್ಲಿ ಅಕ್ಷರ ಹೋಗಿತ್ತು,
ನಾನ ತುಂಬಿಕೊಂಡು ಓದಿದೆ.

ಅವ ಅಂದ:
    ತೂಕದ ಮಾತಿನಾಕಿ, ನಿನ್ನ ಸಿಟ್ಟು ಎಷ್ಟು ಸೇರ?
ನಾ ಅಂದೆ:
    ಅಳಿಯಾಕ ಬಂದವನ, ತಕ್ಕಡಿಗೆ ಮೊದಲ ದಾರ ಕಟ್ಟು.
ಆ ತಕ್ಕಡಿ ದಾಟೂದರಾಗ ಉಸಿರು ಮುಗೀತಿತ್ತು ನನಗ.
ತಕ್ಕ, ಅಂದು ನಿಲ್ತಿದ್ದೆ.
ಒಂದು ಗುಟುಕು ಗಾಳಿ.
ಆಮ್ಯಾಲ, ಡಿಗೆ.

ಹಂಗ ತುಂಬಿದ್ದನ್ನ ಆರು ಮನಿಗೆ ಕೊಟ್ಟು ಕಳಿಸಿದ.
ಮುಂಡರಗಿ ಹುಲಿಗೆವ್ವ ರೊಟ್ಟಿ ಬಡಕೋತ ಕಲತಳಂತ.
ಮಾಬೂಬಿ ಮನ್ಯಾಗ ಟೇಪು ಇದ್ದಿಲ್ಲ,
ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನ ಚಹಾದಂಗಡ್ಯಾಗ ಹಾಕಿಸಿಕೊಂಡು
ಮೂರು ಸಂಜಿ ನಿಂತು ಕೇಳ್ಯಾಳ.
ಧಾರವಾಡದ ಕುಮುದಾಬಾಯಿ, ಸಂಗೀತದ ಪರೀಕ್ಷಾ ಪಾಸಾದಾಕಿ,
ವಹಿಯೊಳಗ ಸ್ವರ ಹಾಕಿ ಬರಕೊಂಡಳು.

ಬಂದ್ರು ಒಬ್ಬೊಬ್ಬರ, ಕಂದೀಲ ಬೆಳಕಿನ್ಯಾಗ ಹಾಡಿದ್ರು.
ನಾ ಬಾಗಲ ಹೊರಗ ಬ್ಯಾಟರಿ ಕಾಯಕೋತ ಕುಂತಿದ್ದೆ.
ಹುಲಿಗೆವ್ವನ ದನಿ ಅಂದ್ರ,
ಗಂಟಿಲ್ಲದ ಎಳಿ, ಎಷ್ಟು ಎಳದ್ರೂ ಹರಿಯೂದಿಲ್ಲ.
ಆಕಿ, ಅಂಥಾಕಿ,
ತಕ್ಕ, ಅಂದು ನಿಂತಳು.
ಮರತಳೇನೋ ಅಂತ ನಾ ಅರ್ಧ ಎದ್ದೆ.
ಡಿಗೆ, ಅಂದಳು.

ಮಾಬೂಬಿ ತನ್ನ ಹಾಡಿನ್ಯಾಗ ನಾ ಕೆಮ್ಮು ನುಂಗಿದಲ್ಲೇ ನುಂಗಿದಳು.
ಕುಮುದಾಬಾಯಿ ಸೈತ!
ಇಣಿಕಿ ನೋಡಿದೆ: ಆಕಿ ವಹಿಯೊಳಗ
ನನ್ನ ಉಸಿರು ಹೋದಲ್ಲೆಲ್ಲ
ಕೆಂಪು ಶಾಯಿಲೆ ಒಂದೊಂದು ಗೀರು.
ದ್ಯಾಮಣ್ಣ ತಿದ್ದಲಿಲ್ಲ.
ಅದು ರಾಗ ಅಲ್ಲರಿ, ರೋಗ,
ಅಂತ ನಾನೂ ಬಾಯಿ ಬಿಡಲಿಲ್ಲ.

ಕವರಿನ ಮ್ಯಾಲ ಆರು ಫೋಟೋ, ನಡುಕ ಅವ, ರುಮಾಲು ಸುತಗೊಂಡು.
ಕೆಳಗ ಸಣ್ಣ ಅಕ್ಷರದಾಗ
ಬ್ಯಾಟರಿ ಸಹಾಯ: ಖಾದರಸಾಬ, ಲಾರಿ ಮಾಲಕರು.
ನಕ್ಕೆ ನಾನು. ಖರೇನ ನಗು ಬಂತು.
ನೂರಾ ಹತ್ತು ರೂಪಾಯಿ ಕೊಟ್ಟಿದ್ದ ನನಗ,
ದವಾಖಾನಿಗೆ ಹತ್ತಿದ್ದು ನೂರಾ ನಲವತ್ತು.

ಮೊನ್ನೆ ಹುಲಕೋಟಿ ಬಸ್ಸಿನ್ಯಾಗ
ಕಾಲೇಜಿನ ಹುಡುಗಿ ಒಂದು, ಕಿವ್ಯಾಗ ವೈರು,
ಸಣ್ಣಗ ಗುಣಗುಣಸ್ತಿತ್ತು.
ಅದ ಹಾಡು.
ಎದಿ ತುಂಬ ಉಸಿರಿದ್ದ ಕೂಸು ಅದು,
ಮೂರು ಮಹಡಿ ಓಡಿ ಹತ್ತಿದ್ರೂ ತೇಕೂದಿಲ್ಲ.
ಅದೂ, ತಕ್ಕ, ಅಂದು ನಿಂತಿತು.

ಆ ತೆರಪಿನ್ಯಾಗ
ನಾ ಪಂಪ್ ತಗದು ಒಮ್ಮೆ ಜಗ್ಗಿದೆ.
ಹುಡುಗಿ ತಿರುಗಿ ನೋಡಿತು,
"ಆಂಟಿ, ನಿಮಗೂ ಬರತೈತೇನ್ರಿ ಈ ಹಾಡು?"
"ಅರ್ಧಾ ಬರತೈತಿ" ಅಂದೆ.
ಕಂಡಕ್ಟರ್ ಅಂದ, ಮುಂದ ಸರೀರಿ, ಮುಂದ ಜಾಗಾ ಐತಿ.